ಕೊಳ್ಳದ ಗಿಡ

ಕೊಂಡು ಕೆಟ್ಟವರ ಕಥೆಯನ್ನು ಕೇಳುವುದಕ್ಕೆ ಜನವುಂಟು. ಸೋರುವ ಕೊಡ ತಂದವನನ್ನು, ಬಣ್ಣ ಬಿಡುವ ಸೀರೆಗೆ ದುಡ್ಡು ತೆತ್ತವಳನ್ನು ಕಂಡು ನೆರೆಹೊರೆಯೆಲ್ಲ ಮರುಗುತ್ತದೆ. ಕೊಳ್ಳದೆ ಬಂದು ಕೊರಗುವವನಿಗೆ ಮಾತ್ರ ಈ ಭಾಗ್ಯವಿಲ್ಲ. ‘ದುಡ್ಡು ಉಳಿಯಿತಲ್ಲ, ಇನ್ನೇನು?’ ಎಂದುಬಿಡುತ್ತಾರೆ.

ಬೆಂಗಳೂರಿನಲ್ಲಿ ಇದಕ್ಕೊಂದು ಅಪವಾದವಿದೆ: ಸೈಟು. ಬೆಳಗ್ಗೆ ಲಾಲ್‌ಬಾಗಿನಲ್ಲಿ ವಾಯುಸೇವನೆಗೆ ಬರುವ ನಿವೃತ್ತರ ಯಾವ ಗುಂಪಿನ ಪಕ್ಕದಲ್ಲಾದರೂ ಹಾದುಹೋಗಿ. ಅಂದಿನ ಕಾಲಕ್ಕೆ ಮೂರು ಕಾಸಿಗೆ ಬರುತ್ತಿದ್ದ ಜಯನಗರದ ಸೈಟನ್ನು ಬೇಡವೆಂದ ಮಹನೀಯರೊಬ್ಬರು ಅಲ್ಲಿ ಇದ್ದೇ ಇರುತ್ತಾರೆ. ಕೇಳಿದವರೆಲ್ಲ ‘ಅಯ್ಯೋ’ ಎನ್ನುತ್ತಾರೆ. ಆದರೆ ಸೈಟಿನ ದುಃಖ ಲೆಕ್ಕದ ದುಃಖ. ಇಂದಿನ ಬೆಲೆಯಲ್ಲಿ ಅಂದಿನ ಬೆಲೆಯನ್ನು ಕಳೆದರೆ ಅದರ ಮೊತ್ತ ಸಿಕ್ಕಿಬಿಡುತ್ತದೆ. ನಾನು ಹೇಳಹೊರಟಿರುವುದು ಹಾಗೆ ಕೂಡಿ ಕಳೆಯಲು ಬಾರದ ವಸ್ತುಗಳ ಮಾತು.

1979ರಲ್ಲಿ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಕಿಟ್ಟೆಲರ ನಿಘಂಟು ಕಣ್ಣಿಗೆ ಬಿತ್ತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಮೊದಲ ಮುದ್ರಣ 1,700ಕ್ಕೂ ಹೆಚ್ಚು ಪುಟಗಳದ್ದು. ಒಂದೇ ಕೈಯಲ್ಲಿ ಎತ್ತಲಾಗದು. ಅಂಗಡಿಯವನು ಕೇಳಿದ್ದು 90 ರೂಪಾಯಿ. ನನ್ನ ಜೇಬಿನಲ್ಲಿದ್ದದ್ದು ಮಗಳ ಶಾಲೆಯ ಫೀಜು. ಫೀಜು ಕಟ್ಟಿದೆ, ಇಂದು ಅದೇ ಸಂದರ್ಭ ಬಂದರೂ ಫೀಜನ್ನೇ ಕಟ್ಟುತ್ತೇನೆ. ನಿಘಂಟಿಗೇನೂ ಬರವಿಲ್ಲ. ಮದರಾಸು ವಿಶ್ವವಿದ್ಯಾನಿಲಯ ಪರಿಷ್ಕರಿಸಿ ಹೊರತಂದ ಸಂಪುಟಗಳು ಈಗ ನನ್ನ ಮನೆಯಲ್ಲೇ ಇವೆ. ಹಳೆಯದನ್ನೂ ಗಣಕಯಂತ್ರದಲ್ಲಿ ಬಿಟ್ಟಿಯಾಗಿ ಓದಬಹುದು. ಆದರೆ ಆ ಪ್ರತಿಯ ಅಂಚಿನಲ್ಲಿ ಯಾರೋ ಸೀಸದ ಕಡ್ಡಿಯಿಂದ, ‘ನಮ್ಮ ಕಡೆ ಹೀಗನ್ನುವುದಿಲ್ಲ’ ಎಂದು ಬರೆದಿದ್ದರು. ಯಾವ ಕಡೆ? ಮತ್ತೆ ಏನನ್ನುತ್ತಿದ್ದರು? ಮುಂದಿನ ಭಾನುವಾರ ಹೋದಾಗ ರಾಶಿ ಇತ್ತು, ಪುಸ್ತಕವಿರಲಿಲ್ಲ. ಕಿಟ್ಟೆಲರೊಡನೆ ವಾದಕ್ಕಿಳಿದ ಆ ಪುಣ್ಯಾತ್ಮರ ಮಾತು ಮಾತ್ರ ಯಾವ ಮರುಮುದ್ರಣದಲ್ಲಿಯೂ ಬರಲಾರದು.

ಪುಸ್ತಕವೇನೋ ಕಂಡ ದಿನ ಹೇಗಿತ್ತೋ ನೆನಪಿನಲ್ಲಿ ಹಾಗೆಯೇ ಇರುತ್ತದೆ. ಗಿಡ ಹಾಗಲ್ಲ, ಕೊಳ್ಳದಿದ್ದರೂ ಬೆಳೆಯುತ್ತದೆ.

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ವರ್ಷಕ್ಕೆರಡು ಬಾರಿ, ಗಣರಾಜ್ಯೋತ್ಸವಕ್ಕೊಮ್ಮೆ, ಸ್ವಾತಂತ್ರ್ಯೋತ್ಸವಕ್ಕೊಮ್ಮೆ. ಜನವರಿಯದು ಬರುವುದು ತಿಂಗಳ ಕೊನೆಗೆ. ಗುಮಾಸ್ತನ ಜೇಬು ಬರಿದಾಗುವ ಹೊತ್ತಿಗೆ ಸರಿಯಾಗಿ 1889ರ ಆ ಗಾಜಿನ ಮನೆ ಹೂ ತುಂಬಿ ನಿಲ್ಲುತ್ತದೆ. 1974ರಲ್ಲಿ ಅಲ್ಲಿಂದ ಹೊರಬರುವಾಗ ಗಿಡ ಮಾರುವವನೊಬ್ಬನ ಬಳಿ ಕೆಂಡಸಂಪಿಗೆಯ ಕಸಿ ಗಿಡ ಕಂಡೆವು. ಬೀಜದ ಸಂಪಿಗೆಯಾದರೆ ಹೂವಿಗೆ ಏಳೆಂಟು ವರ್ಷ ಕಾಯಬೇಕು. ಕಸಿ ಗಿಡ ಎರಡು ಮೂರು ವರ್ಷಕ್ಕೇ ಮೊಗ್ಗು ತೋರಿಸುತ್ತದೆ. ಬೆಲೆ 8 ರೂಪಾಯಿ. ನನ್ನಾಕೆ ಅದರ ಎಲೆಯನ್ನು ಮುಟ್ಟಿ ನೋಡಿದಳು. ಆಮೇಲೆ, ‘ಏನೂಂದ್ರೆ, ತಿಂಗಳ ಕೊನೆ. ಆಗಸ್ಟಿನಲ್ಲಿ ನೋಡೋಣ ಬನ್ನಿ’ ಎಂದಳು. ಆಗಸ್ಟಿನಲ್ಲಿ ಹೋದೆವು. ಗುಲಾಬಿಯಿತ್ತು, ಕ್ರೋಟನ್ನಿತ್ತು, ಆ ಮನುಷ್ಯನೂ ಇಲ್ಲ, ಸಂಪಿಗೆಯೂ ಇಲ್ಲ.

ಮೂರನೆಯ ವರ್ಷದ ಮಳೆಗಾಲದಲ್ಲಿ ಅವಳು ಅಕ್ಕಿ ಆರಿಸುತ್ತ ಇದ್ದಕ್ಕಿದ್ದಂತೆ, ‘ಈ ಸಲ ನಮ್ಮ ಗಿಡ ಹೂ ಬಿಡ್ತಿತ್ತು’ ಎಂದಳು. ಯಾವ ಗಿಡವೆಂದು ನಾನು ಕೇಳಲಿಲ್ಲ. ಅಲ್ಲಿಂದ ಅದು ಮನೆಯ ಲೆಕ್ಕಕ್ಕೆ ಸೇರಿತು. ಹಿತ್ತಿಲಲ್ಲಿ ನಲ್ಲಿಯ ಕೊಳವೆ ಹೂಳುವವರು ಬಂದ ದಿನ, ‘ಸದ್ಯ, ಬೇರು ಕಡಿದುಬಿಡ್ತಿದ್ರು’ ಎಂದಳು. ಪಕ್ಕದ ಮನೆಯವರಿಗೆ ದಿನಕ್ಕೆಷ್ಟು ಹೂ ಕೊಡಬೇಕೆಂಬ ವಿಷಯದಲ್ಲಿ ನಮಗೆ ಸಣ್ಣ ಜಗಳವೂ ಆಯಿತು. 1988ರಲ್ಲಿ ಆ ಬಾಡಿಗೆ ಮನೆ ಬಿಡುವಾಗ ಹಿತ್ತಿಲ ಬಾಗಿಲು ಹಾಕಿ, ‘ಇದ್ದಿದ್ದರೆ ಹೇಗೆ ಬಿಟ್ಟು ಬರ್ತಿದ್ವೋ’ ಎಂದಳು. ಗಿಡ ನಮ್ಮ ಜೊತೆಗೇ ಬಂದಿತು. ಮಣ್ಣಿಲ್ಲದ ಮೂರನೆಯ ಮಹಡಿಯ ಮನೆಯಲ್ಲೂ ಬೆಳೆಯಿತು.

2017ರಲ್ಲಿ ಅವಳು ತೀರಿಕೊಂಡಳು. ನಲವತ್ತೈದು ವರ್ಷ ಒಂದೊಂದಾಗಿ ಕೊಂಡ ಪಾತ್ರೆ ಪಡಗ, ಸೀರೆ, ಬಳೆ ಎಲ್ಲವನ್ನೂ ಮಕ್ಕಳು ಜಗಳವಿಲ್ಲದೆ ಹಂಚಿಕೊಂಡರು. ಸಂಪಿಗೆಯಲ್ಲಿ ಯಾರೂ ಪಾಲು ಕೇಳಲಿಲ್ಲ. ಅದರ ಸುದ್ದಿ ಗೊತ್ತಿದ್ದವರು ನಾವಿಬ್ಬರೇ; ಈಗ ನಾನೊಬ್ಬನೇ.

ಮೊನ್ನೆ ಮಗಳಿಗೆ ಈ ಕಥೆ ಹೇಳಿದೆ. ‘ಅಯ್ಯೋ ಅಪ್ಪ, ಈಗ ಕುಂಡದಲ್ಲೇ ಸಿಗುತ್ತೆ. ನಾಳೆಯೇ ತಂದು ಬಾಲ್ಕನಿಯಲ್ಲಿ ಇಡ್ತೀನಿ’ ಎಂದಳು. ಪಿಂಚಣಿಯಲ್ಲಿ ಅದಕ್ಕೇನೂ ಕೊರತೆಯಿಲ್ಲ. ಆದರೂ ಬೇಡವೆಂದೆ. ಐವತ್ತು ವರ್ಷದ ಮರ ನಿಂತಿರುವ ಕಡೆ ಎಳೆಯ ಸಸಿಗೆ ಬಿಸಿಲೆಲ್ಲಿಂದ ಬಂದೀತು?