ಕೈಗಾದ ಒಲಿ

ಮಗಳ ಮದುವಿ ಗೊತ್ತಾಗೇದ. ಹುಡುಗ ಕೈಗಾದಾಗ ಇಂಜಿನಿಯರ್. ಸುದ್ದಿ ಹೇಳಿದ ಕೂಡ್ಲೆ ನಿಮ್ಮೊಳಗ ಇಬ್ಬರು ‘ಅಲ್ರೀ, ಅದು ಬಾಂಬ್ ಹಾರಿದಂಗ ಹಾರೂದಿಲ್ಲೇನು?’ ಅಂದ್ರಿ. ಹೆಸರು ಹೇಳೂದಿಲ್ಲ. ಖರೇ ಅಂದ್ರ ನನಗೂ ಎದಿ ಝಲ್ ಅಂದಿತ್ತು. ಪಿಯುಸಿಯೊಳಗ ಓದಿದ್ದೆಲ್ಲ ಮರತು ಹೋಗೇದ. ಅದಕ್ಕ ಹುಡುಗ ಮನಿಗೆ ಬಂದಾಗ ಚಹಾ ಕೊಟ್ಟು, ಎದುರಿಗೆ ಕೂತು ಕೇಳೇಬಿಟ್ಟೆ.

ಯುರೇನಿಯಂ ಪರಮಾಣುವಿನ ನಡುವಿನ ಗಟ್ಟಿಯೊಳಗ ಒಂದು ನ್ಯೂಟ್ರಾನ್ ಹೊಕ್ಕಿತಂದ್ರ, ಅದು ನೀರಿನ ಹನಿ ಹಂಗ ಅಲುಗಾಡಿ, ಉದ್ದಾಗಿ, ಎರಡು ತುಂಡಾಗ್ತದ. ಎರಡರ ಮ್ಯಾಲೂ ಪ್ಲಸ್ ಚಾರ್ಜು, ಒಂದನ್ನೊಂದು ದೂಡ್ತಾವ. ಸಿಡಿದು ಓಡೋವಾಗ ಅಕ್ಕಪಕ್ಕ ಬಡಿದು ಕಾವು ಹುಟ್ಟತದ. ಆ ಕಾವಿಗೆ ನೀರು ಉಗಿಯಾಗಿ ಟರ್ಬೈನ್ ತಿರಗ್ತದ. ಅಷ್ಟ.

ಚಪಾತಿ ಹಿಟ್ಟಿನ ಮುದ್ದಿ ಎರಡು ಮಾಡಿದ್ರ ತೂಕ ಅಷ್ಟ ಇರ್ತದಲ್ಲ? ಇಲ್ಲಿ ಎಲ್ಲಾ ತುಂಡು ಕೂಡಿಸಿದ್ರೂ ಸಾವಿರಕ್ಕ ಸುಮಾರು ಒಂದು ಪಾಲು ಕಡಿಮಿ! ಕಡಿಮಿಯಾಗಿದ್ದ ಶಕ್ತಿ ಆಗಿರ್ತದ. ಈ ಲೆಕ್ಕ ಹಿಡಿದಾಕಿ ಲೀಸ್ ಮೈಟ್ನರ್. ಹಿಟ್ಲರನ ಕಾಟಕ್ಕ ಓಡಿಬಂದು ಸ್ವೀಡನ್ನಿನ್ಯಾಗ ಇದ್ಲು. 1938ರ ಡಿಸೆಂಬರಿನ್ಯಾಗ ಅಕ್ಕನ ಮಗನ ಜೊತಿ ಹಿಮದಾಗ ಅಡ್ಡಾಡತ ಲೆಕ್ಕ ಹಾಕಿದ್ಲಂತ. ನೊಬೆಲ್ ಮಾತ್ರ ಆಕಿ ಜೋಡಿ ಕೆಲಸ ಮಾಡಿದ ಗಂಡಸಿಗೆ ಹೋತು. ನಮಗೇನು ಹೊಸಾದು ಬಿಡ್ರಿ.

ಇನ್ನ ಬಾಂಬಿನ ಮಾತು. ಒಂದು ಒಡದಾಗ ಎರಡು-ಮೂರು ಹೊಸ ನ್ಯೂಟ್ರಾನ್ ಬರ್ತಾವ. ಎಲ್ಲಾನೂ ಒಡೀಲಿಕ್ಕೆ ಬಿಟ್ರ ಬಾಂಬು. ಕೈಗಾದಾಗ ಸರಾಸರಿ ಒಂದs ಮುಂದಿನದನ್ನ ಒಡಿಯೂಹಂಗ ಕಾಯ್ತಾರ. ಮ್ಯಾಲೆ ಅಲ್ಲಿ ಹಾಕೋದು ಗಣಿಯಿಂದ ಬಂದಂಥಾ ಯುರೇನಿಯಂ. ಅದರಾಗ ಸುಲಭಕ್ಕ ಒಡಿಯೋ ಜಾತಿ ಸಾವಿರಕ್ಕ ಏಳs. ಬಾಂಬಾಗೂದು ಸಾಧ್ಯನs ಇಲ್ಲ.

‘ಹಂಗಾದ್ರ ಆರಿಸಿದ್ರ ಆರತದೇನಪಾ?’ ಅಂದೆ. ಹುಡುಗ ಕಪ್ಪು ಕೆಳಗಿಟ್ಟ. ‘ಇಲ್ಲ ಅತ್ತಿ, ಪೂರಾ ಆರೂದಿಲ್ಲ. ಒಡಿಯೂದು ನಿಂತರೂ ಒಡದ ತುಂಡುಗಳು ಕಾವು ಬಿಡತಾನ ಇರ್ತಾವ, ಬೂದ್ಯಾಗಿನ ಕೆಂಡ ಇದ್ದಂಗ. ದಿನಗಟ್ಟಲೆ ನೀರು ಹಾಯಿಸಬೇಕು.’ ಜಪಾನಿನ ಫುಕುಶಿಮಾದಾಗ 2011ರಾಗ ಭೂಕಂಪ ಆದ ಕೂಡ್ಲೆ ನಡಿಯೋ ರಿಯಾಕ್ಟರ್ ನಿಂತಿದ್ವಂತ. ಆದ್ರ ಸುನಾಮಿ ನೀರಾಗ ಡೀಸೆಲ್ ಜನರೇಟರ್ ಮುಳುಗಿ, ಪಂಪಿಗೆ ಕರೆಂಟ್ ಇಲ್ಲದ ಒಳಗಿಂದು ಕರಗಿತು.

ಇದನ್ನ ಮುಚ್ಚಿಡದ ಹೇಳಿದ್ನಲ್ಲ, ಅಲ್ಲೇ ನನಗ ಹುಡುಗ ಮನಸ್ಸಿಗೆ ಬಂದ. ಹೆದರಿಕಿ ಪೂರಾ ಹೋಗಿಲ್ಲ. ಕೈಗಾದ ಜನರೇಟರ್ ಎಷ್ಟು ಎತ್ತರದಾಗ ಅವ, ಕದ್ರಾ ಡ್ಯಾಮಿನ ನೀರು ಎಲ್ಲಿತನಕ ಬರ್ತದ ಅಂತ ಮುಂದಿನ ಸಲ ಕೇಳೂದದ.

ಮದುವಿ ಮಾಘದಾಗ. ‘ಬಾಂಬ್’ ಅಂದಾಕೆಗೋಳೂ ಬರ್ರಿ.