ಉಸುಕಿನ ಋಣ

ವಾರ್ಷಿಕ ಸಂಚಿಕೆಗೆ ಏನಾದರೊಂದು ಬರೆದುಕೊಡಬೇಕೆಂದು ನಮ್ಮ ಕನ್ನಡದ ಗುರುಗಳು ಹೇಳಿದಂದಿನಿಂದ ನಾನು ಒಂದು ವಾರ ಅವರ ಕಣ್ಣು ತಪ್ಪಿಸಿಕೊಂಡೇ ತಿರುಗಿದೆನು. ಬರೆಯುವುದಕ್ಕೆ ನನ್ನಲ್ಲಿ ಏನಿದೆ? ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನು. ಅಪ್ಪನಿಗೆ ರುಜು ಮಾಡಲು ಬರುತ್ತದೆ. ಅವ್ವನಿಗೆ ಅದೂ ಬಾರದು. ಕೊನೆಗೊಂದು ದಿನ ಗ್ರಂಥಾಲಯದ ಬಾಗಿಲಲ್ಲಿ ಸಿಕ್ಕಿಬಿದ್ದೆನು. "ನಿಮ್ಮ ಊರಲ್ಲಿ ಏನಿದೆಯಪ್ಪಾ?" ಎಂದು ಕೇಳಿದರು. "ಹೊಳಿ ಐತ್ರಿ ಸರ್" ಎಂದೆ. "ಹಾಗಾದರೆ ಅದನ್ನೇ ಬರೆ" ಎಂದರು. ಹೇಳುವುದೇನೋ ಸುಲಭ. ಆದರೆ ಆ ಹೊಳೆಯ ಮುಂದೆ ನಾನು ಸಾಲಗಾರನೆಂಬುದು ಅವರಿಗೆ ಹೇಗೆ ತಿಳಿಯಬೇಕು?

ನನ್ನ ಊರು ಹಾನಗಲ್ಲ ತಾಲ್ಲೂಕಿನ ವರದಾ ನದಿಯ ದಂಡೆಯ ಮೇಲಿದೆ. ಸಾಗರ ತಾಲ್ಲೂಕಿನ ಇಕ್ಕೇರಿಯ ಬಳಿಯ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ, ನಮ್ಮ ಸೀಮೆಗೆ ಇಳಿದು ಬರುವ ಈ ನದಿಯನ್ನು ಕೂಡಲದಲ್ಲಿ ಧರ್ಮಾ ನದಿ ಸೇರುತ್ತದೆ. ಮುಂದೆ ಗಳಗನಾಥದಲ್ಲಿ ವರದೆಯು ತುಂಗಭದ್ರೆಯ ಮಡಿಲು ಸೇರುತ್ತಾಳೆ. ಇದೆಲ್ಲ ಭೂಗೋಳದ ಪಾಠ. ನನಗೆ ಚಿಕ್ಕಂದಿನಲ್ಲಿ ತಿಳಿದಿದ್ದ ವರದೆ ಬೇರೆ. ಬೇಸಗೆಯಲ್ಲಿ ನೀರು ಒಂದು ಮಗ್ಗುಲಿಗೆ ಸರಿದು, ಅರ್ಧ ಹೊಳೆಯೆಲ್ಲ ಬಿಳಿಯ ಉಸುಕಿನ ಹಾಸಿಗೆಯಾಗುತ್ತಿದ್ದಿತು. ಮೊಣಕೈಯುದ್ದ ತೋಡಿದರೆ ಸಾಕು, ಒರತೆಯ ತಿಳಿನೀರು ಒಸರುತ್ತಿದ್ದಿತು. ಅವ್ವ ಬಟ್ಟಲಿನಿಂದ ಅದನ್ನು ಮೊಗೆದು ಕೊಡ ತುಂಬುತ್ತಿದ್ದಳು.

ಒಮ್ಮೆ ಆ ಉಸುಕಿನ ದಿಬ್ಬದ ಮೇಲೆ, ಕಲ್ಲುಹರಳುಗಳ ನಡುವೆ, ನಾಲ್ಕು ಚುಕ್ಕೆಯ ತತ್ತಿಗಳನ್ನು ಕಂಡೆನು. ಹರಳು ಯಾವುದು, ತತ್ತಿ ಯಾವುದು ತಿಳಿಯದಂಥ ಬಣ್ಣ. ಕೈಚಾಚುವಷ್ಟರಲ್ಲಿ ಟಿಟ್ಟಿಭ ಹಕ್ಕಿಯೊಂದು ಕಿರುಚುತ್ತ ನನ್ನ ತಲೆಯ ಮೇಲೆ ಎರಗಿತು. ನಾನು ಹೆದರಿ ಓಡಿಬಂದು ಆಯಿಗೆ ಹೇಳಿದೆ. ಆಕೆ, "ಅದಕ್ಕ ಗ್ವಾಡಿ ಇಲ್ಲ, ಮ್ಯಾಳಿಗಿ ಇಲ್ಲ. ಆ ಉಸುಕ ಅದರ ಮನಿ. ಮುಟ್ಟಬ್ಯಾಡ" ಎಂದಳು. ಆ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ನಾನು ಪಿ.ಯು.ಸಿ. ಸೇರಿದ ವರ್ಷ ಗೋವಿನಜೋಳಕ್ಕೆ ಬೆಲೆ ಬರಲಿಲ್ಲ. ಅಣ್ಣ ಹಳೆಯ ಟ್ರ್ಯಾಕ್ಟರೊಂದನ್ನು ಕೈಗಡದ ಮೇಲೆ ಹಿಡಿದನು. ಅಂದಿನಿಂದ ರಾತ್ರಿ ಹತ್ತರ ಮೇಲೆ ಅವನು ಹೊಳೆಗೆ ಇಳಿಯುತ್ತಾನೆ; ಬೆಳಗಿನ ಜಾವ ಅವನ ಅಂಗಿಯಿಂದ ಉದುರಿದ ಉಸುಕನ್ನು ಅವ್ವ ಕಸಬರಿಗೆಯಿಂದ ಗುಡಿಸುತ್ತಾಳೆ. ಪರವಾನಗಿ ಇಲ್ಲದೆ ಉಸುಕು ಎತ್ತುವುದು ಅಪರಾಧವೆಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ನನ್ನ ಫೀಸು, ವಸತಿಗೃಹದ ಊಟದ ಹಣ, ಈ ಲೇಖನ ಬರೆಯುತ್ತಿರುವ ಲೇಖಣಿ ಎಲ್ಲವೂ ಅದೇ ಹೊಳೆಯ ಒಡಲಿನಿಂದ ಬಂದವು.

ಹೊಳೆಯ ಉಸುಕೆಂದರೆ ಸುಮ್ಮನೆ ಬಿದ್ದ ವಸ್ತುವಲ್ಲ. ಮಳೆಗಾಲದ ನೀರನ್ನು ಹೀರಿಟ್ಟುಕೊಂಡು, ಸೋಸಿ, ಬೇಸಗೆಯಲ್ಲಿ ದಂಡೆಯ ಬಾವಿಗಳಿಗೆ ಊಡುವುದು ಅದೇ. ಅದನ್ನು ಬಗೆದಷ್ಟೂ ಹೊಳೆಯ ತಳ ಕೆಳಗಿಳಿಯುತ್ತದೆ. ತಳ ಇಳಿದಂತೆ ಸುತ್ತಲಿನ ಬಾವಿಯ ನೀರೂ ಇಳಿಯುತ್ತದೆ. ದಂಡೆಯ ಬುಡ ಸಡಿಲಾಗಿ ಹೊಲದ ಮಣ್ಣು ಕುಸಿಯುತ್ತದೆ. ಉಸುಕಿನಲ್ಲಿ ತತ್ತಿಯಿಡುವ ಆಮೆ, ದಿಬ್ಬದ ಮೇಲೆ ಮರಿ ಮಾಡುವ ಹಕ್ಕಿ, ತೆಳುನೀರಿನಲ್ಲಿ ಬೆಳೆಯುವ ಮೀನಿನ ಮರಿ ಇವಕ್ಕೆಲ್ಲ ನೆಲೆ ತಪ್ಪುತ್ತದೆ. ೨೦೧೯ರ ಆಗಸ್ಟಿನ ಮಹಾಪೂರದಲ್ಲಿ ವರದೆ ನಮ್ಮ ಹೊಲದವರೆಗೆ ಬಂದಿದ್ದಳು. ೨೦೨೩ರ ಬರದಲ್ಲಿ ಅದೇ ಹೊಳೆಯಲ್ಲಿ ಗುಂಡಿಗಳ ಹೊರತು ಏನೂ ಕಾಣಲಿಲ್ಲ. ಅವ್ವ ಒರತೆ ತೋಡಲು ಹೋಗಿ ಬರಿಗೊಡದಲ್ಲಿ ತಿರುಗಿ ಬಂದಳು. ಅವಳ ಕೈಗೆ ಸಿಕ್ಕಿದ್ದು ಜೇಡಿಮಣ್ಣು.

ವಸತಿಗೃಹದ ನಮ್ಮ ಕೋಣೆಯಲ್ಲಿ ನಾಲ್ಕು ತಾಲ್ಲೂಕಿನ ನಾಲ್ವರಿದ್ದೇವೆ. ರಾತ್ರಿ ದೀಪ ಆರಿಸಿದ ಮೇಲೆ ಈ ಮಾತು ಬಂದರೆ ಯಾರ ಊರೂ ಹಿಂದೆ ಬೀಳುವುದಿಲ್ಲ. ಶಿಗ್ಗಾಂವಿಯ ಗೆಳೆಯನು ಬಂಕಾಪುರದ ಕೋಟೆಯ ನವಿಲುಗಳ ಬಗೆಗೆ ಹೆಮ್ಮೆಯಿಂದ ಹೇಳುತ್ತಾನೆ. ೨೦೦೬ರಲ್ಲಿ ಅಲ್ಲಿ ನವಿಲುಧಾಮವಾಯಿತು. ಕೋಟೆಯೊಳಗಿನ ಕುರುಚಲು, ಕಂದಕ, ಖಿಲಾರಿ ದನಗಳ ತಳಿಕೇಂದ್ರದ ಮೇವಿನ ನೆಲ ಇವುಗಳ ಆಸರೆಯಲ್ಲಿ ನವಿಲುಗಳು ಉಳಿದಿವೆ. ಆದರೆ ಅವೇ ನವಿಲು ಹೊರಗೆ ಬಿತ್ತಿದ ಕಾಳನ್ನು ಕೆದರಿದರೆ ತನ್ನ ತಂದೆಯೇ ಕವಣೆ ಹಿಡಿಯುತ್ತಾರೆಂದೂ ಅವನು ಮುಚ್ಚಿಡುವುದಿಲ್ಲ. ಸವಣೂರಿನವನು ಆಫ್ರಿಕಾ ಮೂಲದ ಮೂರು ದೊಡ್ಡಹುಣಸೆ ಮರಗಳ ಕಥೆ ತೆಗೆಯುತ್ತಾನೆ. ೨೦೨೩ರ ಮಳೆಗಾಲದಲ್ಲಿ ಅವುಗಳಲ್ಲೊಂದು ಉರುಳಿತು. ಯಂತ್ರ ತರಿಸಿ ಅದನ್ನೆತ್ತಿ ಮತ್ತೆ ನೆಟ್ಟರು. "ಬಿದ್ದ ಮರಾನ ಎಬ್ಬಿಸಿ ನಿಲ್ಲಿಸಬಹುದು, ಬಿದ್ದ ಹೊಳೀನ ಹ್ಯಾಂಗ ಎಬ್ಬಿಸ್ತೀಯೋ?" ಎಂದು ಅವನು ನನ್ನನ್ನು ಚುಚ್ಚುತ್ತಾನೆ. ಹಿರೇಕೆರೂರಿನವನ ಊರಿನ ಹೆಸರಿನಲ್ಲಿಯೇ ಕೆರೆಯಿದೆ. ಕುಮುದ್ವತಿಗೆ ಅಡ್ಡಗಟ್ಟಿದ ಮದಗ ಮಾಸೂರ ಕೆರೆಯ ವೈಭವವನ್ನು ವರ್ಣಿಸಿ, ಕೊನೆಗೆ, "ಬ್ಯಾಸಗ್ಯಾಗ ನಮ್ಮ ಹೊಳ್ಯಾಗ ನೀರಿಗಿಂತ ಪಂಪಿನ ಪೈಪು ಹೆಚ್ಚು" ಎಂದು ನಿಟ್ಟುಸಿರಿಡುತ್ತಾನೆ.

ಒಣಗಿದ ವರದೆಗೆ ಪಶ್ಚಿಮದ ಬೇಡ್ತಿಯ ನೀರನ್ನು ತರಬೇಕೆಂಬ ಕೂಗು ನಮ್ಮ ಕಡೆಗೆ ಜೋರಾಗಿದೆ. ಕಾಡು ಹಾಳಾದೀತೆಂದು ಶಿರಸಿ ಕಡೆಯವರು ವಿರೋಧಿಸುತ್ತಾರೆ. ರೈತನ ಮಗನಾದ ನನಗೆ ನೀರು ಬೇಕೆನ್ನಿಸುತ್ತದೆ. ಆದರೆ ನಮ್ಮ ಹೊಳೆಯನ್ನು ನಾವೇ ಬಗೆದು ಬರಿದು ಮಾಡಿ, ಇನ್ನೊಬ್ಬರ ಹೊಳೆಗೆ ಕೈಚಾಚುವಾಗ ನಾಲಿಗೆ ತಡವರಿಸುತ್ತದೆ.

ಇಂಥ ವಿಚಾರದಲ್ಲಿದ್ದಾಗಲೇ ನಮ್ಮ ತಾಲ್ಲೂಕಿನ ಕುಸನೂರಿನ ಸಂಗತಿ ನನಗೆ ತಿಳಿದದ್ದು. ೧೯೮೪ರಲ್ಲಿ ಸರ್ಕಾರವೂ ಹರಿಹರದ ಕಾರಖಾನೆಯೊಂದೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿಯನ್ನು ಹುಟ್ಟುಹಾಕಿದವು. ದನ ಮೇಯುವ, ಬಡವರು ಉರುವಲು ಆಯುವ ಸಾಮುದಾಯಿಕ ಭೂಮಿ ಸುಮಾರು ೩೦ ಸಾವಿರ ಹೆಕ್ಟೇರಿನಷ್ಟನ್ನು ನೀಲಗಿರಿ ಮೊದಲಾದ ಗಿಡ ಬೆಳೆಸಲು ಅದಕ್ಕೆ ಕೊಡುವುದೆಂದಾಯಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು ಹಳ್ಳಿಗರನ್ನು ಕೂಡಿಸಿದರು. ೧೯೮೬ರಲ್ಲಿ ಶಿವರಾಮ ಕಾರಂತರು ಮೊದಲಾದವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ೧೯೮೭ನೆಯ ಇಸವಿಯ ನವೆಂಬರ್ ೧೪ರಂದು ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಜನರು ನೀಲಗಿರಿಯ ಸಸಿಗಳನ್ನು ಕಿತ್ತರು. ಕಿತ್ತ ಜಾಗದಲ್ಲಿ ಊರಿಗೆ ಉಪಯೋಗವಾಗುವ ಗಿಡಗಳನ್ನು ಹಚ್ಚಿದರು. ೧೯೯೧ರಲ್ಲಿ ಆ ಕಂಪನಿಯು ಮುಚ್ಚಿತು. ನಮ್ಮ ಊರಿಗೆ ಇಷ್ಟು ಹತ್ತಿರದಲ್ಲಿ ಅಕ್ಷರ ಬಾರದವರು ಮಾಡಿದ ಈ ಕೆಲಸವನ್ನು ನಾನು ಬಿ.ಎ. ಕೊನೆಯ ವರ್ಷಕ್ಕೆ ಬರುವವರೆಗೆ ಅರಿಯದೆ ಇದ್ದೆನಲ್ಲಾ ಎಂದು ನಾಚಿಕೆಯಾಯಿತು.

ಆ ಹುರುಪಿನಲ್ಲಿಯೇ ದೀಪಾವಳಿಯ ರಜೆಗೆ ಊರಿಗೆ ಹೋದೆನು. ಊಟಕ್ಕೆ ಕುಳಿತಾಗ, "ಅಣ್ಣಾ, ಈ ಉಸುಕಿನ ಕೆಲಸ ಬಿಟ್ಟಬಿಡು" ಎಂದೆ. ಕುಸನೂರಿನ ಕಥೆಯನ್ನೂ ಹೇಳಿದೆ. ಅಣ್ಣ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಅವರು ಕಿತ್ತಿದ್ದು ಕಂಪನಿ ಗಿಡ. ನಾ ಏನ ಕೀಳಲಿ? ನಿನ್ನ ಹೆಸರ ಕಾಲೇಜಿನ್ಯಾಗಿಂದ ಕೀಳಲ್ಯಾ?" ಎಂದನು. ಅಪ್ಪ ತಲೆಯೆತ್ತಲಿಲ್ಲ. ಅವ್ವ ಸುಮ್ಮನೆ ನನ್ನ ತಾಟಿಗೆ ಇನ್ನಷ್ಟು ಹಿಂಡಿಪಲ್ಲೆ ಬಡಿಸಿದಳು. ನನ್ನ ಮೂರು ವರ್ಷದ ಓದಿನಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಮರುದಿನ ಹೇಳದೆ ಕೇಳದೆ ಬೆಳಗಿನ ಬಸ್ಸು ಹತ್ತಿ ಬಂದುಬಿಟ್ಟೆ.

ಈ ವರ್ಷ ಶಿವರಾತ್ರಿಗೆ ಹೋದಾಗ ಅಣ್ಣ ತಾನಾಗಿಯೇ, "ಬಾ ತಮ್ಮಾ, ಹೊಳೀಗೆ ಹೋಗಿಬರೂಣು" ಎಂದನು. ಗುಂಡಿಗಳ ನಡುವೆ ಒಂದು ಸಣ್ಣ ದಿಬ್ಬ ಉಳಿದಿತ್ತು. ಸುತ್ತಲೂ ಜಾಲಿಯ ಮುಳ್ಳು ಹಚ್ಚಿದ್ದನು. ನಡುವೆ ಟಿಟ್ಟಿಭ ಕುಳಿತಿತ್ತು. "ಆಯಿ ನನಗೂ ಹೇಳಿದ್ಲೋ, ನಿನಗೊಬ್ಬಂಗ ಅಲ್ಲ" ಎಂದನು. ಹಕ್ಕಿ ನಮ್ಮಿಬ್ಬರನ್ನೂ ಕಂಡು ಕಿರುಚಿತು. ನಾವು ಹಿಂದೆ ಸರಿದೆವು.

ಒಂದು ಮುಳ್ಳಿನ ಬೇಲಿಯಿಂದ ವರದೆ ತುಂಬಿ ಹರಿಯುವುದಿಲ್ಲವೆಂಬುದನ್ನು ನಾನು ಬಲ್ಲೆ. ಆ ರಾತ್ರಿಯೂ ಅಣ್ಣ ಟ್ರ್ಯಾಕ್ಟರ್ ಹೊಡೆದುಕೊಂಡು ಹೊಳೆಗೆ ಇಳಿದನು. ಟ್ರ್ಯಾಕ್ಟರಿನ ಸಾಲ ಇನ್ನೂ ತೀರಿಲ್ಲ.

ವಿದ್ಯಾರ್ಥಿ ಬಾಂಧವರೇ, ಹಿರಿಯರು ನಮಗೆ ದೇವಋಣ, ಋಷಿಋಣ, ಪಿತೃಋಣಗಳೆಂದು ಮೂರು ಋಣಗಳನ್ನು ಹೇಳಿದ್ದಾರೆ. ನನಗೆ ನಾಲ್ಕನೆಯದೊಂದು ಇದೆ. ಪರೀಕ್ಷೆ ಮುಗಿದ ಮೇಲೆ ಎಂಥದೇ ನೌಕರಿ ಸಿಗಲಿ, ಮೊದಲ ಸಂಬಳದಿಂದ ಆ ಟ್ರ್ಯಾಕ್ಟರಿನ ಕಂತು ಕಟ್ಟುವೆನೆಂದು ಅಣ್ಣನಿಗೆ ಮಾತು ಕೊಟ್ಟಿದ್ದೇನೆ. ಕಂತು ತೀರಿದ ದಿನ ಹೊಳೆಗೆ ಇಳಿಯುವುದಿಲ್ಲವೆಂದು ಅವನೂ ನನಗೆ ಮಾತು ಕೊಟ್ಟಿದ್ದಾನೆ. ಕೀಳುವುದನ್ನು ನಮ್ಮ ಮನೆ ಚೆನ್ನಾಗಿ ಕಲಿತಾಯಿತು. ಇನ್ನು ಹಚ್ಚುವುದನ್ನು ಕಲಿಯಬೇಕಾಗಿದೆ.