ಇಲ್ಲ ಮತ್ತು ಕಾಣೆ

ಹಳಗನ್ನಡದಲ್ಲಿ ‘ಕಾಣೆಂ’ ಎಂಬ ಒಂದು ರೂಪವಿದೆ. ‘ನಾನು ಕಾಣೆನು’ ಎಂದಷ್ಟೇ ಅದರ ಅರ್ಥ. ವಸ್ತು ಇಲ್ಲವೆಂದು ಸಾರುವ ಧಾರ್ಷ್ಟ್ಯ ಆ ಮಾತಿಗಿಲ್ಲ. ನನ್ನ ಕಣ್ಣಿಗೆ ಬಿದ್ದಿಲ್ಲವೆಂಬ ವಿನಯ ಮಾತ್ರ ಉಂಟು. ‘ಇಲ್ಲ’ ಎಂಬುದು ಹಾಗಲ್ಲ, ಅದು ತೀರ್ಪು. ಈ ವ್ಯತ್ಯಾಸವನ್ನು ವರ್ಷ ವರ್ಷವೂ ಹುಡುಗರಿಗೆ ವ್ಯಾಕರಣವಾಗಿ ಹೇಳುತ್ತ ಬಂದವನು ನಾನು. ಅದನ್ನು ನನಗೆ ಅನುಭವವಾಗಿ ತಿಳಿಸಿಕೊಟ್ಟದ್ದು ನಮ್ಮ ವಿಭಾಗದ ಕಂಪ್ಯೂಟರು.

ಬೇಸಿಗೆ ರಜೆ ಕಳೆದು ಮೊದಲ ದಿನ ಗುಂಡಿ ಒತ್ತಿದರೆ, ಕಪ್ಪು ತೆರೆಯ ಮೇಲೆ ಒಂದೇ ಸಾಲು: ಬೂಟ್ ಮಾಡಲು ಡಿಸ್ಕಿಲ್ಲ. ಡಿಸ್ಕು ಎಲ್ಲಿಗೂ ಹೋಗಿರಲಿಲ್ಲ. ಅದೇ ಪೆಟ್ಟಿಗೆಯಲ್ಲಿ, ನಾಲ್ಕು ತಿರುಪುಗಳ ಬಂಧನದಲ್ಲಿ ತಣ್ಣಗೆ ಕುಳಿತಿತ್ತು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದವಳ ಗಾದೆಯನ್ನು ಯಂತ್ರವೂ ಕಲಿತಿದೆಯಲ್ಲಾ ಎಂದು ನಗಬಹುದಿತ್ತು. ಆದರೆ ನಗು ಬರಲಿಲ್ಲ. ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಿಂದ ಧ್ವನಿಮುದ್ರಿಸಿ ತಂದ ಹಾಡುಗಳು ಅದರಲ್ಲಿದ್ದವು. ಹಿಂದಿನ ವರ್ಷಗಳದ್ದಕ್ಕೆ ಬೇರೆ ಪ್ರತಿಯಿತ್ತು. ಆ ವರ್ಷದ್ದು ಅಲ್ಲಿ ಮಾತ್ರ. ಒಬ್ಬ ಹುಡುಗಿ ತನ್ನ ಅಜ್ಜಿಯಿಂದ ಹಾಡಿಸಿದ ರಾಗಿ ಬೀಸುವ ಪದಗಳು ಅವುಗಳಲ್ಲಿ ಸೇರಿದ್ದವು. ಅಜ್ಜಿ ಯುಗಾದಿಗೆ ಮೊದಲೇ ತೀರಿಕೊಂಡಿದ್ದರು. ಹುಡುಗಿಯ ಮೊಬೈಲು ಅದಕ್ಕೂ ಮೊದಲೇ ಕೆಟ್ಟಿತ್ತು.

ಸಲಹೆಗಳಿಗೇನು ಬರ? ಪೆಟ್ಟಿಗೆಯ ನೆತ್ತಿಗೆ ಒಂದು ಬಿಗಿಯಿರೆಂದ ನಮ್ಮ ಜವಾನ. ಹೊಸ ಡಿಸ್ಕು ದುಡ್ಡಿಗೆ ಸಿಗುತ್ತದಲ್ಲ ಸ್ವಾಮಿ ಎಂದರು ಅರ್ಥಶಾಸ್ತ್ರದ ಗೆಳೆಯರು. ಕೊನೆಗೆ ನಮ್ಮಲ್ಲೇ ಓದಿ, ಈಗ ಕಂಪ್ಯೂಟರ್ ರಿಪೇರಿಯಿಂದ ಜೀವನ ಮಾಡುವ ಹಳೆಯ ಶಿಷ್ಯನೊಬ್ಬ ಬಂದ. “ಗಾಬರಿಯಾಗಬೇಡಿ ಸಾರ್, ಮೊದಲು ಹಾಜರಿ ನೋಡೋಣ” ಎಂದ.

ಯಂತ್ರ ಕಣ್ಣು ಬಿಟ್ಟೊಡನೆ ಯಾರು ಯಾರು ಬಂದಿದ್ದಾರೆಂದು ಹೆಸರು ಕೂಗುವ ವ್ಯವಸ್ಥೆಯೊಂದಿದೆ. ಬಯಾಸ್ ಎಂದು ಅದರ ಹೆಸರು. ಆ ಪಟ್ಟಿಯಲ್ಲಿ ಡಿಸ್ಕಿನ ಹೆಸರಿದ್ದೂ ವಿಂಡೋಸ್ ಏಳದಿದ್ದರೆ ಚಿಕಿತ್ಸೆಯ ದಾರಿ ಬೇರೆ. ಹೆಸರೇ ಇಲ್ಲದಿದ್ದರೆ ತಂತಿ, ವಿದ್ಯುತ್ತು, ಸೆಟ್ಟಿಂಗು, ಡಿಸ್ಕು ಎಂದು ಹೊರಗಿನಿಂದ ಒಳಕ್ಕೆ ಹುಡುಕುತ್ತ ಹೋಗಬೇಕು. ಅವನ ಮಾತು ಕೇಳುವಾಗ ನನಗೆ ಕವಿರಾಜಮಾರ್ಗ ನೆನಪಾಯಿತು. ಒಂಬತ್ತನೆಯ ಶತಮಾನದ ಆ ಗ್ರಂಥ ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರೆಂಬ ಗದ್ಯ ಬರೆಹಗಾರರ ಹೆಸರುಗಳನ್ನು ಕೂಗುತ್ತದೆ. ಹಾಜರಿಯಲ್ಲಿ ಹೆಸರುಂಟು, ಅವರ ಕನ್ನಡ ಗದ್ಯದ ಒಂದು ಓಲೆಯೂ ನಮಗೆ ದೊರೆತಿಲ್ಲ. ನಮ್ಮ ಡಿಸ್ಕಿಗೆ ಹೆಸರೂ ಇರಲಿಲ್ಲ.

ಶಿಷ್ಯ ಪೆಟ್ಟಿಗೆಯ ಪಕ್ಕ ತೆಗೆದು, ಕಿವಿಗೊಟ್ಟ. “ಕೇಳಿ ಸಾರ್, ತಿರುಗುತ್ತಿದೆ.” ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಗಳ ಸಣ್ಣ ಗುಂಯ್‌ಗುಟ್ಟುವಿಕೆ. ಓದುವ ಮುಳ್ಳು ತಟ್ಟೆಯನ್ನು ಮುಟ್ಟದೆ, ಕೂದಲೆಳೆಗಿಂತ ಎಷ್ಟೋ ತೆಳುವಾದ ಗಾಳಿಯ ಪದರದ ಮೇಲೆ ತೇಲುತ್ತದಂತೆ. ಗುಂಯ್ ಎಂಬುದರ ಬದಲು ಟಕ್ ಟಕ್ ಎಂದಿದ್ದರೆ ಕೂಡಲೇ ಆರಿಸಿ, ತಜ್ಞರಿಗೆ ಒಪ್ಪಿಸಬೇಕು. ಮತ್ತೆ ಮತ್ತೆ ಗುಂಡಿ ಒತ್ತಿದಷ್ಟೂ ಗಾಯ ದೊಡ್ಡದು. ಧೂಳಿನಲ್ಲಿ ಡಿಸ್ಕನ್ನೇ ಬಿಚ್ಚುವುದಂತೂ ಕೊಲೆ. ಇಲ್ಲಿ ಉಸಿರು ಸರಿಯಿತ್ತು, ನುಡಿ ಮಾತ್ರ ಹೊರಗೆ ಬರುತ್ತಿರಲಿಲ್ಲ. ಎಂದಮೇಲೆ ಅನುಮಾನ ನುಡಿಯನ್ನು ಒಯ್ಯುವ ತಂತಿಯ ಮೇಲೆ. ಆತ ವಿದ್ಯುತ್ತಿನ ಪ್ಲಗ್ಗು ಕಿತ್ತು, ಮೈಯ ಸ್ಥಿರವಿದ್ಯುತ್ತು ಇಳಿಯಲೆಂದು ಪೆಟ್ಟಿಗೆಯ ಲೋಹವನ್ನು ಮುಟ್ಟಿ, ಏಳು ಸಂಪರ್ಕಗಳ ಆ ಚಪ್ಪಟೆ ಸಾಟಾ ಕೇಬಲನ್ನು ತೆಗೆದು ಹೊಸದು ಸಿಕ್ಕಿಸಿದ. ಮತ್ತೆ ಹಾಜರಿ ಕೂಗಿದಾಗ ಡಿಸ್ಕು ಓಗೊಟ್ಟಿತು!

ಐವತ್ತು ರೂಪಾಯಿಯೋ ನೂರು ರೂಪಾಯಿಯೋ ಬೆಲೆಯ ಒಂದು ತಂತಿ. 1956ರಲ್ಲಿ, ಕನ್ನಡನಾಡು ಒಂದಾದ ವರ್ಷವೇ, ಐಬಿಎಂ ಸಂಸ್ಥೆ ಹೊರತಂದ ಮೊದಲ ಹಾರ್ಡ್ ಡಿಸ್ಕು ಎರಡಡಿ ಅಗಲದ ಐವತ್ತು ತಟ್ಟೆಗಳದು. ಅಷ್ಟು ದೊಡ್ಡ ಒಡಲಿನಲ್ಲಿ ಹಿಡಿಯುತ್ತಿದ್ದುದು ಸುಮಾರು ಐವತ್ತು ಲಕ್ಷ ಅಕ್ಷರ. ಅದರಲ್ಲಿ ನಮ್ಮ ಅಜ್ಜಿಯ ಒಂದು ಪದವೂ ಹಿಡಿಸುತ್ತಿತ್ತೋ ಇಲ್ಲವೋ. ಇಂದು ಅಂಗೈಯಗಲದ ಡಿಸ್ಕಿನಲ್ಲಿ ಒಂದು ಸೀಮೆಯ ಹಾಡೆಲ್ಲ ಹಿಡಿಸೀತು. ಹಿಡಿಯುವ ಶಕ್ತಿ ಹೆಚ್ಚಿದಷ್ಟೂ ಒಂದೇ ಎಳೆಗೆ ತೂಗುಬೀಳುವ ಭಾರವೂ ಹೆಚ್ಚಿತು.

ಯಂತ್ರ ಎದ್ದಿತೆಂದು ನಾವು ಬೇರಾವ ಕೆಲಸಕ್ಕೂ ಕೈ ಹಾಕಲಿಲ್ಲ. “ಮೊದಲು ಪ್ರತಿ, ಆಮೇಲೆ ಪೂಜೆ” ಎಂದ ಶಿಷ್ಯ. ಎರಡು ಪ್ರತಿಗಳಾದವು. ಒಂದು ಗ್ರಂಥಾಲಯಕ್ಕೆ ಹೋಯಿತು. ಇನ್ನೊಂದನ್ನು ತೆಗೆದುಕೊಂಡು ಹೋಗಲು ಆ ಹುಡುಗಿ ಬಂದಳು.

ಹಾಡು ಕೇಳಿಸಿದೆವು. ಮೊದಲು ರಾಗಿಕಲ್ಲಿನ ಸದ್ದು, ಅದು ಒಂದು ಹದಕ್ಕೆ ಬಂದಮೇಲೆ ಅಜ್ಜಿಯ ದನಿ. ಎರಡನೆಯ ಪದದ ನಡುವೆ ಅಜ್ಜಿ ಬೀಸುವುದನ್ನು ನಿಲ್ಲಿಸಿ, “ಸಾಕಾ ಮಗಾ?” ಎಂದು ಕೇಳಿದರು. ಹುಡುಗಿ ನಮ್ಮೆಲ್ಲರ ಎದುರಿಗೆ, ಆ ಪೆಟ್ಟಿಗೆಗೆ, “ಇನ್ನೊಂದು ಹೇಳಜ್ಜಿ” ಎಂದಳು. ಕಲ್ಲು ಮತ್ತೆ ತಿರುಗತೊಡಗಿತು.